ಮೇಸ್ತ್ರಿಯ ಕುತ್ತಿಗೆ

ಬೆಳಿಗ್ಗೆ ಆರಕ್ಕೆ ಚೆನ್ನಾಗಿಯೇ ಇತ್ತು.
ಬಾಯ್ಲರ್ ಹೊತ್ತಿಸುವಾಗ ಕಾಲಿಗೆ ಅಡ್ಡ ಬಂದು
ಬೈಸಿಕೊಂಡಿತ್ತು.
ಶಿಡ್ಲಘಟ್ಟದ ಈ ಫಿಲೇಚರಿನಲ್ಲಿ
ಎರಡು ಸಾಲು ಬೇಸಿನ್ನುಗಳ ನಡುವೆ
ಎದೆ ಮುಂದೆ ಮಾಡಿ, ಹಿಂದೆ ಕೈ ಕಟ್ಟಿದವರ ಹಾಗೆ
ಓಡಾಡುತ್ತದೆಂದು
ಹುಮೇರಾ ಅದಕ್ಕೆ ಮೇಸ್ತ್ರಿ ಅಂತ ಹೆಸರಿಟ್ಟಿದ್ದಳು.
ಐದು ವಾರದ ಬಾತುಮರಿ.
ನಿಜವಾದ ಮೇಸ್ತ್ರಿಗೆ ಇದು ಗೊತ್ತಿಲ್ಲ.

ಹತ್ತೂವರೆಗೆ ಅಕ್ಕಯ್ಯಮ್ಮ ಕೂಗಿದಳು:
"ನಿಮ್ಮ ಮೇಸ್ತ್ರಿ ಕುಡಿದವ್ನೆ ಕಣೇ, ಬಾ ನೋಡು!"
ನಗುತ್ತಲೇ ಎದ್ದು ಹೋದೆ.
ಎರಡೂ ಕಾಲು ಹಿಂದಕ್ಕೆ ಚಾಚಿ
ರೆಕ್ಕೆಯನ್ನೇ ಊರುಗೋಲು ಮಾಡಿಕೊಂಡು
ಚರಂಡಿಯಂಚಲ್ಲಿ ತೆವಳುತ್ತಿತ್ತು.
ನೋಡುತ್ತಿದ್ದಂತೆ ರೆಕ್ಕೆಯೂ ಸೋತಿತು.
ಹನ್ನೊಂದರೊಳಗೆ ಕುತ್ತಿಗೆ
ಒದ್ದೆ ನೂಲಿನ ಲಡಿ ಜಾರಿದಂತೆ
ನೆಲಕ್ಕೆ.

ಕಣ್ಣು ಮಾತ್ರ ತೆರೆದಿತ್ತು,
ಅರ್ಧಕ್ಕೆ ಬಂದು ನಿಂತ ತೆಳು ಪೊರೆಯ ಹಿಂದೆ.

ಉಸಿರಿದೆಯಾ ಅಂತ ಎಲ್ಲರೂ ನನ್ನನ್ನೇ ಕೇಳಿದರು.
ಹದಿನಾಲ್ಕು ವರ್ಷ
ಕುದಿನೀರಿನಲ್ಲಿ ಎಳೆಯ ತುದಿ ಹುಡುಕಿದ ಬೆರಳು ಇವು,
ಬೆಂದು ಬೆಳ್ಳಗಾಗಿ ಸುಕ್ಕಿದವು.
ಎಳೆ ಸಿಗುತ್ತದೆ ಇವಕ್ಕೆ, ಬೇರೇನೂ ತಿಳಿಯುವುದಿಲ್ಲ.
ಅದಕ್ಕೇ ಮರಿಯನ್ನೆತ್ತಿ
ಮೊಣಕೈಯ ಒಳಮಡಿಕೆಗೆ ಒತ್ತಿಕೊಂಡೆ.
ಅಲ್ಲಿ ಬಡಿಯುತ್ತಿತ್ತು.
ಇಬ್ಬರಲ್ಲಿ ಯಾರದ್ದೋ.

ಪಿಳ್ಳಪ್ಪ ಬಂದರು,
ದನದಾಸ್ಪತ್ರೆಯಲ್ಲಿ ಅಟೆಂಡರಾಗಿ ರಿಟೈರಾದವರು.
ಸೈಕಲ್ಲಿಗೆ ಸ್ಟ್ಯಾಂಡು ಹಾಕುವ ಮೊದಲೇ:
"ಬೆಳಿಗ್ಗೆ ಏನು ತಿಂತು?"
"ನುಚ್ಚು."
"ಆಮೇಲೆ?"
ಯಾರೂ ಮಾತಾಡಲಿಲ್ಲ.
ಅವರೇ ಹಿತ್ತಲಿಗೆ ನಡೆದರು.
ಗೂಡು ಬಿಚ್ಚಿ ಉಳಿದ ಹುಳದ ರಾಶಿ,
ಎಣ್ಣೆ ಮಿಲ್ಲಿನ ಗಾಡಿ ಬಾರದೆ
ಮೂರು ದಿನದಿಂದ ಅಲ್ಲೇ ಕೊಳೆಯುತ್ತಿತ್ತು.
ಕೋಲು ಚುಚ್ಚಿದರು. ಒಳಗೆಲ್ಲ ಮಿಜಿಮಿಜಿ.
"ಇದರ ವಿಷ ಕಣಮ್ಮ, ನರಕ್ಕೆ ಹತ್ತುತ್ತೆ.
ಮೊದಲು ಕಾಲು, ಆಮೇಲೆ ರೆಕ್ಕೆ, ಕತ್ತು."
ಅದರ ಮುಂದಿನದನ್ನು ಹೇಳದೆ
ಹುಮೇರಾಳ ತಲೆ ಸವರಿದರು.

ದಿನಾ ಒಂದೊಂದು ಹಿಡಿ ಹುಳ ಹಾಕಿ
ರುಚಿ ಹತ್ತಿಸಿದವಳು ನಾನು.
ನಾನು ಹಾಕಿದ್ದು ಬಿಸಿಬಿಸಿ, ಆಗಷ್ಟೇ ಬೇಸಿನ್ನಿನಿಂದ ತೆಗೆದದ್ದು,
ಅಂತ ಹೇಳಬೇಕೆನಿಸಿತು.
ಯಾರಿಗೆ?
ಮಗಳು ನನ್ನ ಮುಖ ನೋಡಲಿಲ್ಲ.

ಡಾಕ್ಟರು ಯಾವುದೋ ಹಳ್ಳಿಯಲ್ಲಿ ಲಸಿಕೆ ಹಾಕುತ್ತಿದ್ದರು.
ಫೋನಿನಲ್ಲಿ ಕುರಿ ಅರಚುವ ಸದ್ದಿನ ನಡುವೆಯೇ ಹೇಳಿದರು:
ಮೆಡಿಕಲ್ ಶಾಪಿನ ಇದ್ದಿಲ ಪುಡಿ, ನೀರಲ್ಲಿ ಕಲಸಿ.
ಚಮಚ ಬೇಡ, ಡ್ರಾಪರಲ್ಲಿ,
ಕೊಕ್ಕಿನ ಬದಿಗೆ, ಹನಿ ಹನಿ.
ಕತ್ತು ನಿಲ್ಲದ ಹಕ್ಕಿ
ಒಂದು ಗುಟುಕಿನಲ್ಲೂ ಮುಳುಗುತ್ತದೆ.
ನೆರಳಲ್ಲಿಡಿ. ಮಗ್ಗುಲು ಬದಲಿಸಿ.
ಕಣ್ಣು ಒಣಗದಂತೆ ಒರೆಸಿ, ಅದಕ್ಕೆ ಮಿಟುಕಿಸಲಾಗದು.
ನಾಳೆ ಬೆಳಿಗ್ಗೆ ಬಂದು ನೋಡುತ್ತೇನೆ.
ಇದ್ದರೆ.

ಟವೆಲ್ಲು ಸುತ್ತಿ ಕತ್ತಿಗೆ ದಿಂಬು ಕಟ್ಟಿದೆ.
ರಾತ್ರಿ ಬಾಯ್ಲರ್ ತಣ್ಣಗಾಗುವ ಟಿಕ್ ಟಿಕ್.
ಹುಮೇರಾ ಒಂದು ಕಣ್ಣು ಒರೆಸಿದರೆ
ನಾನು ಇನ್ನೊಂದು.
ಮಾತಿಲ್ಲ.
ನಡುರಾತ್ರಿ ಕಪ್ಪು ಹಿಕ್ಕೆ ಹಾಕಿತು ನನ್ನ ಮಡಿಲಿಗೆ.
ಇಷ್ಟು ಖುಷಿ ನನಗೆ ಯಾವ ಹಿಕ್ಕೆಯೂ ಕೊಟ್ಟಿರಲಿಲ್ಲ.

ಅರ್ಧ ದಿನದ ಕೂಲಿ ಕಡಿದರು ನಯಾಜ್ ಮೇಸ್ತ್ರಿ.
ಕಡಿದವರೇ ಸಂಜೆ ಆಳು ಕರೆಸಿ
ಹುಳದ ರಾಶಿ ಹೂಳಿಸಿ ಸುಣ್ಣ ಎರಚಿಸಿದರು.
ಆಮೇಲೆ ಬೇಸಿನ್ನಿನ ಪಕ್ಕ ಸುಮ್ಮನೆ ನಿಂತು,
ಹಿಂದೆ ಕೈ ಕಟ್ಟಿ:
"ಹೇಗಿದೆ ಅದು?"
"ಯಾವುದು ಸಾಬ್?"
"ಅದೇ. ನನ್ನ ಹೆಸರಿನದ್ದು."

ನಾಲ್ಕನೇ ದಿನ ಕತ್ತು ಎತ್ತಿತು.
ಎರಡು ಎಣಿಸುವಷ್ಟು ಹೊತ್ತು, ಅಷ್ಟೇ.
ಮತ್ತೆ ಕೊಕ್ಕು ನೀರಿನ ಬಟ್ಟಲಿಗೆ ಬಿತ್ತು.
ಎತ್ತಲು ಹೋದ ಕೈಗಳು
ಒಂದಕ್ಕೊಂದು ಡಿಕ್ಕಿಯಾಗಿ
ಬಟ್ಟಲೇ ಮಗುಚಿತು.
"ಅಮ್ಮೀ, ನೋಡ್ಕೊಂಡು!" ಅಂತ
ಗದರಿದಳು ಹುಮೇರಾ.